ಮಾವನ ಟೀ ಬಿಸ್ಕತ್ತಿನ ಡಬ್ಬಿ

ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನುವವರನ್ನು ನನ್ನ ಸೋದರಮಾವ ಮನುಷ್ಯರ ಪೈಕಿ ಸೇರಿಸುವುದಿಲ್ಲ. ಹಾಗೆಂದು ಅವನಿಗೆ ಬಿಸ್ಕತ್ತಿನ ಮೇಲೇನೂ ಹಗೆಯಿಲ್ಲ. ಅವನ ಸಂಕಟವೆಲ್ಲ ಟೀಗೆ ಆಗುವ ಅವಮಾನದ್ದು. ಒಳ್ಳೆಯ ಟೀಯೊಳಗೆ ಬಿಸ್ಕತ್ತು ಮುಳುಗಿಸಿ, ಅದು ಮುರಿದು ತಳ ಸೇರಿ, ಕೊನೆಗೆ ಲೋಟದಲ್ಲಿ ಗಂಜಿ ಉಳಿಯುತ್ತದಲ್ಲ, ಅದನ್ನು ಕಂಡರೆ ಅವನ ಪಿತ್ತ ನೆತ್ತಿಗೇರುತ್ತದೆ. ಇಂಥ ಮನುಷ್ಯ ಅರವತ್ತು ದಾಟಿದ ಮೇಲೆ ಏನು ಮಾಡಿದ ಗೊತ್ತೇ? ಟೀಯನ್ನೇ ತೆಗೆದುಕೊಂಡು ಹೋಗಿ ಬಿಸ್ಕತ್ತಿನೊಳಗೆ ಹಾಕಿ ಬೇಯಿಸಿಬಿಟ್ಟ!

ಹಿಂದೂಪುರದ ಪೇಟೆಯಲ್ಲಿ ಮಾವನದು ಟೀ ಪುಡಿಯ ಅಂಗಡಿ. ಒಂದು ಕಡೆ ಹುಣಸೆಹಣ್ಣಿನ ಮಂಡಿ, ಇನ್ನೊಂದು ಕಡೆ ಒಣಮೆಣಸಿನಕಾಯಿ ಮಂಡಿ. ದಾರಿಯಲ್ಲಿ ಹೋಗುವವರೆಲ್ಲ ಮೂಗಿಗೆ ಸೆರಗು, ಕರ್ಚೀಪು ಹಿಡಿದುಕೊಂಡು ಓಡುವ ಜಾಗ ಅದು. ಅಲ್ಲಿ ಕೂತು ಮಾವ ಟೀ ಪುಡಿಯನ್ನು ಅಂಗೈ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ ಮೂಸಿ, ಇದು ಯಾವ ಬೆಟ್ಟದ್ದು, ಮಳೆಗೆ ಮುಂಚೆ ಕಿತ್ತದ್ದೋ ಆಮೇಲೋ ಎಂದು ಹೇಳುತ್ತಾನೆ. ಸರಿಯೋ ತಪ್ಪೋ ಹೇಳುವವರು ಇಡೀ ಪೇಟೆಯಲ್ಲಿ ಯಾರೂ ಇಲ್ಲದ್ದರಿಂದ ಅವನ ಮಾತು ಇವತ್ತಿನವರೆಗೂ ಒಂದು ಸಲವೂ ತಪ್ಪಾಗಿಲ್ಲ!

ಹೋಟೆಲಿನವರು ಒಯ್ಯುವುದು ಡಸ್ಟು, ಅಂದರೆ ಎಲೆಯ ನುಣ್ಣನೆಯ ಪುಡಿ. ಅದನ್ನು ಮಾವ ಮುಖ ತಿರುಗಿಸಿಕೊಂಡೇ ತೂಗಿ ಕೊಡುತ್ತಾನೆ. ಗಲ್ಲಾ ಪೆಟ್ಟಿಗೆಯ ಹಿಂದೆ ಒಂದು ತಗಡಿನ ಡಬ್ಬದಲ್ಲಿ ಉದ್ದುದ್ದ ಎಲೆಯ ಲೀಫ್ ಟೀ ಇರುತ್ತದೆ. ಅದು ಮಾರಾಟಕ್ಕಲ್ಲ. ಯಾರಾದರೂ ಕೇಳಿದರೆ ಮೊದಲು ಅವರು ಮನೆಯಲ್ಲಿ ಟೀ ಹೇಗೆ ಕಾಯಿಸುತ್ತಾರೆಂದು ವಿಚಾರಿಸುತ್ತಾನೆ. ಹಾಲು, ನೀರು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಸುರಿದು ಕುದಿಸುತ್ತೇವೆ ಎಂದರೋ, ಡಬ್ಬದ ಮುಚ್ಚಳ ಬಿಗಿಯಾಗುತ್ತದೆ.

ನನ್ನ ಮದುವೆಯ ಮಾತುಕತೆಗೆ ಇವನನ್ನು ಹಿರಿಯ ಅಂತ ಗೋರಂಟ್ಲಕ್ಕೆ ಕರೆದುಕೊಂಡು ಹೋಗಿದ್ದರು. ಗಂಡಿನ ಮನೆಯವರು ಟೀ ತಂದಿಟ್ಟರು. ಮಾವ ಲೋಟ ಎತ್ತಿ ಮೂಸಿದ, ಕೆಳಗಿಟ್ಟ. ಹೊರಗೆ ಬಂದ ಮೇಲೆ ಅಮ್ಮನ ಹತ್ತಿರ, ಹುಡುಗ ಹೆಂಗಾದ್ರೂ ಇರ್ಲಿ, ಆ ಮನೇಲಿ ಪುಡಿ ಹಳೇದು, ಈ ಸಂಬಂಧ ಬೇಡ ಎಂದುಬಿಟ್ಟ. ಗಂಡಿಗೆ ಪೆನುಕೊಂಡದ ಹತ್ತಿರದ ಕಾರ್ಖಾನೆಯಲ್ಲಿ ಕೆಲಸವಿದೆ, ಜಾತಕ ಕೂಡಿದೆ ಎಂದರೂ ಕೇಳಲೊಲ್ಲ! ಕೊನೆಗೆ ಅವನ ಮಾತು ಮೀರಿ ನಾನು ಆ ಮನೆಗೇ ಸೊಸೆಯಾಗಿ ಹೋದೆ. ಗಂಡ ಚೆನ್ನಾಗಿದ್ದಾರೆ. ಪುಡಿ ಮಾತ್ರ ಇವತ್ತಿಗೂ ಹಳೆಯದೇ.

ಇಂಥ ಮಾವ ಜಗತ್ತಿನಲ್ಲಿ ಒಪ್ಪುತ್ತಿದ್ದದ್ದು ಒಂದೇ ಒಂದು ಕೈಯ ಟೀಯನ್ನು. ಅದು ಅವನ ಅಕ್ಕನದು, ಅಂದರೆ ನನ್ನ ದೊಡ್ಡಮ್ಮನದು. ದೊಡ್ಡಮ್ಮ ಕಲ್ಯಾಣದುರ್ಗದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ದಿನಕ್ಕೆ ಏಳೆಂಟು ಲೋಟ ಟೀ ಕುಡಿಯುತ್ತಿದ್ದ ಜೀವ. ತಿಂಗಳಿಗೊಮ್ಮೆ ಮಾವ ಆ ತಗಡಿನ ಡಬ್ಬದ ಟೀಯನ್ನು ಪೊಟ್ಟಣ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಅವಳ ಮನೆಗೆ ಹೋಗುತ್ತಿದ್ದ. ಸಾಯಂಕಾಲ ನಾಲ್ಕಕ್ಕೆ ಅಕ್ಕ ತಮ್ಮ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಮಾತು ಕಡಿಮೆ, ಸೊರಸೊರ ಶಬ್ದ ಜಾಸ್ತಿ. ಕುಡಿದಾದ ಮೇಲೆ ಬತ್ತೀನಕ್ಕ ಎಂದು ಎದ್ದು, ಬಂದ ದಾರಿಯಲ್ಲೇ ವಾಪಸ್ಸು. ಒಂದು ಲೋಟ ಟೀಗೆ ಇಡೀ ದಿನದ ಪ್ರಯಾಣ!

ಎಲ್ಲ ಕೆಟ್ಟದ್ದು ಕಾಶಿಯಿಂದ. ನಾಲ್ಕು ವರ್ಷದ ಹಿಂದೆ ದೊಡ್ಡಮ್ಮ ತನ್ನ ಬೀದಿಯ ಹೆಂಗಸರ ಗುಂಪಿನ ಜೊತೆ ಕಾಶಿಗೆ ಹೋದಳು. ಕಾಶಿಗೆ ಹೋದವರು ತಮಗೆ ಪ್ರಿಯವಾದದ್ದೊಂದನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮಲ್ಲಿದೆಯಲ್ಲ. ಎಲ್ಲರೂ ಅದಕ್ಕೆ ಒಂದು ಉಪಾಯ ಮಾಡಿಕೊಂಡೇ ಹೋಗುತ್ತಾರೆ. ನಮ್ಮಮ್ಮ ಹಿಂದೊಮ್ಮೆ ಹೋದವಳು ಸೀಮೆಬದನೆಕಾಯಿ ಬಿಟ್ಟು ಬಂದಿದ್ದಳು. ಅದನ್ನು ಆಕೆ ಹುಟ್ಟಿದಾಗಿನಿಂದ ಬಾಯಿಗಿಟ್ಟವಳಲ್ಲ. ಮಾವ ಹಿಂದೆ ಹೋದಾಗ ಭಾರೀ ತ್ಯಾಗ ಮಾಡಿದವನ ಹಾಗೆ ಕಾಫಿ ಬಿಟ್ಟು ಬಂದಿದ್ದ! ಆದರೆ ದೊಡ್ಡಮ್ಮ ವಾಪಸ್ಸು ಬಂದವಳು, ಟೀ ಬಿಟ್ಟೆ ಎಂದಳು. ಯಾಕೆ ಎಂದು ಕೇಳಿದರೆ, ಬಿಡಬೇಕು ಅನ್ನಿಸಿತು, ಬಿಟ್ಟೆ. ಅಷ್ಟೇ.

ಮಾವನಿಗೆ ಇದು ಎದೆಗೇ ಬಡಿಯಿತು. ಎದೆಯ ಮಾತು ಯಾಕೆ ಹೇಳಿದೆ ಎಂದರೆ, ಅದೇ ದಿನಗಳಲ್ಲಿ ಅವನಿಗೆ ಬೆಂಗಳೂರಿನಲ್ಲಿ ಎದೆ ಆಪರೇಷನ್ ಆಗಿತ್ತು. ಇದ್ದಕ್ಕಿದ್ದಂತೆ ನೋವು ಬಂದು ಕರೆದುಕೊಂಡು ಓಡಿದ್ದರು. ದೊಡ್ಡಮ್ಮನ ಗುಂಪು ಆಗಲೇ ಕಾಶಿ ಸೇರಿತ್ತು. ಆಸ್ಪತ್ರೆಯಿಂದ ಬಂದ ಮಾವ ಮನೆಮಂದಿಗೆಲ್ಲ ಒಂದೇ ಪಾಠ ಒಪ್ಪಿಸಿದ. ತಮ್ಮನ ಎದೆ ಕುಯ್ಯುವಾಗ ಅಕ್ಕ ಊರು ನೋಡುತ್ತಿದ್ದಳು. ಹೋಗಲಿ ಎಂದರೆ, ಬರುವಾಗ ತಮ್ಮನ ಅಂಗಡಿಯ ಟೀಯನ್ನೂ ಗಂಗೆಗೆ ಹಾಕಿ ಬಂದಳು. ಆಮೇಲೆ ಅವನು ಕಲ್ಯಾಣದುರ್ಗದ ಬಸ್ಸು ಹತ್ತುವುದನ್ನೇ ನಿಲ್ಲಿಸಿದ. ಟೀ ಇಲ್ಲದ ಮನೆಗೆ ಹೋಗಿ ನಾನೇನು ನೀರು ಕುಡಿದು ಬರಲೇ ಎನ್ನುತ್ತಿದ್ದ. ನಾವೆಲ್ಲ ನಕ್ಕೆವು. ಆದರೆ ನಾನು ಹಿಂದೂಪುರಕ್ಕೆ ಬಂದಾಗಲೆಲ್ಲ, ಸಾಯಂಕಾಲ ನಾಲ್ಕಾದರೆ ಅವನು ಲೋಟ ಹಿಡಿದು ಸುಮ್ಮನೆ ರಸ್ತೆ ನೋಡುತ್ತಾ ಕೂರುವುದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಹೀಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ಮಾವ ನನ್ನನ್ನು ಅಂಗಡಿಗೆ ಕರೆಸಿ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾರೋ ವಿದೇಶದ ಹೆಂಗಸು ಬೆಣ್ಣೆ, ಸಕ್ಕರೆ, ಹಿಟ್ಟು ಕಲಸಿ ಅದಕ್ಕೆ ಟೀ ಎಲೆ ಉದುರಿಸುತ್ತಿದ್ದಳು. ಇದರ ಹೆಸರು ಶಾರ್ಟ್‌ಬ್ರೆಡ್ ಮಾವ ಎಂದೆ. ಬ್ರೆಡ್ಡೇ ಅಲ್ಲದ್ದಕ್ಕೆ ಬ್ರೆಡ್ಡು ಎಂದು ಹೆಸರಿಟ್ಟವರನ್ನು ನಂಬುವುದು ಹೇಗೆ ಎಂದು ಗೊಣಗಿದ. ಆಮೇಲೆ ಮುಂದಕ್ಕೆ ಬಾಗಿ ದೊಡ್ಡ ಗುಟ್ಟು ಹೇಳುವವನಂತೆ ಹೇಳಿದ:

"ಅಕ್ಕ ಕಾಶೀಲಿ ಬಿಟ್ಟಿದ್ದು ಕುಡಿಯೋದನ್ನ. ಇದು ತಿನ್ನೋದು ಕಣಮ್ಮ."

ಅಲ್ಲಿಂದ ಶುರುವಾಯಿತು ನಮ್ಮ ಕಷ್ಟಕಾಲ. ಮೊದಲ ಪ್ರಯೋಗ ಮಾವನ ಹೆಂಡತಿ, ನನ್ನ ಅತ್ತೆಯ ಅಡುಗೆಮನೆಯಲ್ಲಿ. ಅತ್ತೆ ತುಪ್ಪ ಕಾಯಿಸಲೆಂದು ಕೂಡಿಟ್ಟಿದ್ದ ಬೆಣ್ಣೆಯನ್ನೆಲ್ಲ ಮಾವ ಮೈದಾಕ್ಕೆ ಸುರಿದ. ಓವನ್ ಇಲ್ಲ, ಕುಕ್ಕರಿನ ತಳಕ್ಕೆ ಮರಳು ಹಾಕಿ ಒಳಗೆ ತಟ್ಟೆ ಇಟ್ಟ. ಮುಚ್ಚಳದ ರಬ್ಬರ್ ತೆಗೆಯಬೇಕೆಂದು ವಿಡಿಯೋದವಳು ಹೇಳಿರಲಿಲ್ಲ. ಅವಳ ಮನೆಯಲ್ಲಿ ಓವನ್ ಇತ್ತಲ್ಲ! ಮನೆಯೆಲ್ಲ ಸುಟ್ಟ ಟೈರಿನ ವಾಸನೆ. ತುಪ್ಪವೂ ಇಲ್ಲದೆ ಕುಕ್ಕರೂ ಇಲ್ಲದೆ ಉಳಿದ ಅತ್ತೆ ಅವತ್ತೇ ಅವನನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು.

ಮಾವ ಹಿಟ್ಟಿನ ಪಾತ್ರೆ ಹೊತ್ತುಕೊಂಡು ಪೇಟೆಯ ಬೇಕರಿಗೆ ಹೋದ. ಬ್ರೆಡ್ಡು ಬೆಂದು ಹೊರಗೆ ಬಂದ ಮೇಲೆ ಒಲೆಯ ಉಳಿದ ಶಾಖದಲ್ಲಿ ಇವನ ಬಿಸ್ಕತ್ತು ಇಡುವುದೆಂದು ಒಪ್ಪಂದವಾಯಿತು. ಬೇಕರಿಯವನು ತಟ್ಟೆಯನ್ನು ನೋಡಿ, ಬಿಳಿ ಹಿಟ್ಟಿನ ತುಂಬ ಕಪ್ಪು ಚುಕ್ಕೆ ಕಂಡು ಮರುಗಿ ತೆಲುಗಿನಲ್ಲಿ ಹೇಳಿದ:

"ಇಂದುಲೋ ಚೀಮಲು ಪಡ್ಡಾಯಿ, ಪೆದ್ದಾಯನಾ."

ಇರುವೆ ಬಿದ್ದಿವೆಯಂತೆ! ಬೆಟ್ಟದಿಂದ ತರಿಸಿದ ಟೀ ಎಲೆಗೆ ಇರುವೆ ಎಂದವನ ಜೊತೆ ಮಾವ ಒಂದು ವಾರ ಮಾತು ಬಿಟ್ಟ. ಒಲೆ ಬೇಕಾದ್ದರಿಂದ ಎಂಟನೆಯ ದಿನ ತಾನೇ ಹೋಗಿ ರಾಜಿಯಾದ.

ರುಚಿ ನೋಡುವ ಕೆಲಸ ನನ್ನದು. ಮೊದಲ ಸಲ ಎಲೆಯನ್ನು ಹಾಗೇ ಹಾಕಿದ್ದ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಎಲೆ ಎರಡು ದಿನ ಬಿಡಲಿಲ್ಲ. ಎರಡನೆಯ ಸಲ ಹೋಟೆಲಿನ ಡಸ್ಟು ಹಾಕಿ ನೋಡಿದ. ಬೇವಿನ ಕಷಾಯ ಗಟ್ಟಿಯಾದಂತಿತ್ತು. ಆಮೇಲೆ ಎಲೆಯನ್ನು ಕಲ್ಲಿನಲ್ಲಿ ಕುಟ್ಟಿ, ಜರಡಿ ಹಿಡಿದು, ಸಕ್ಕರೆಯ ಜೊತೆ ಕೈಯಿಂದ ಉಜ್ಜಿ, ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಬೆಣ್ಣೆಗೆ ಸೇರಿಸಿದ. ನಿಜ ಹೇಳುತ್ತೇನೆ, ಆ ಬಿಸ್ಕತ್ತು ಬಾಯಲ್ಲಿಟ್ಟರೆ ಹಲ್ಲಿಗೆ ಕೆಲಸವೇ ಇಲ್ಲ. ಬೆಣ್ಣೆ ಕರಗಿ ಹೋದ ಮೇಲೆ ಹಿಂದಿನಿಂದ ನಿಧಾನವಾಗಿ ಟೀ ಬರುತ್ತದೆ. ನಾನು ಒಂದೇ ಏಟಿಗೆ ಆರು ತಿಂದೆ. ನೀರು ಕುಡಿಯಲು ಎದ್ದಾಗ ಮಾವ ಡಬ್ಬಿ ಮುಚ್ಚಿಟ್ಟ.

ಧರ್ಮಸೂಕ್ಷ್ಮವನ್ನೂ ವಿಚಾರಿಸಬೇಕಲ್ಲ? ಮನೆಗೆ ಪೂಜೆಗೆ ಬರುವ ಅಯ್ಯನವರ ಮುಂದೆ ಬಿಸ್ಕತ್ತಿಟ್ಟು, ಕಾಶಿಯಲ್ಲಿ ಟೀ ಬಿಟ್ಟವರು ಇದನ್ನು ತಿನ್ನಬಹುದೇ ಎಂದು ಕೇಳಿದ. ಅಯ್ಯನವರು ಒಂದು ತಿಂದು ಯೋಚಿಸಿದರು. ಇನ್ನೊಂದು ತಿಂದು ಯೋಚಿಸಿದರು. ನಾಲ್ಕು ತಿಂದ ಮೇಲೆ, ಇದು ಆಳವಾದ ಪ್ರಶ್ನೆ, ಮನೆಗೂ ಒಂದಷ್ಟು ಕಟ್ಟಿಕೊಡು, ನಿಧಾನವಾಗಿ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ.

ಮೊದಲ ಡಬ್ಬಿ ಕಲ್ಯಾಣದುರ್ಗಕ್ಕೆ ಹೋಯಿತು. ಅಲ್ಲಿಂದ ಡಬ್ಬಿ ಬಂತು ಎಂಬ ಫೋನು ಬಂತು. ತಿಂದೆ ಎಂದು ಬರಲಿಲ್ಲ. ಮಾವ ಮುಂದಿನ ತಿಂಗಳು ಸಕ್ಕರೆ ಕಡಿಮೆ ಮಾಡಿದ. ಅದರ ಮುಂದಿನ ತಿಂಗಳು ಏಲಕ್ಕಿ ಸೇರಿಸಿದ, ಆಮೇಲೆ ಏಲಕ್ಕಿ ತೆಗೆದ. ಎರಡು ವರ್ಷ ತಿಂಗಳಿಗೊಂದು ಡಬ್ಬಿ! ಅಕ್ಕ ಒಂದೇ ಒಂದು ಬಿಸ್ಕತ್ತು ತಿಂದಳೆಂದು ಕೇಳಿದರೆ ಸಾಕಿತ್ತು ಅವನಿಗೆ. ತಾನಾಗಿ ಕೇಳಲು ಮಾತ್ರ ಬಿಗುಮಾನ. ನನ್ನನ್ನು ಕರೆದು, ನಿಮ್ಮ ದೊಡ್ಡಮ್ಮಂಗೆ ಹಲ್ಲುನೋವೇನಾದ್ರೂ ಐತಾ ಕೇಳು ಎನ್ನುತ್ತಿದ್ದ.

ಹೋದ ತಿಂಗಳು ಡಬ್ಬಿಯನ್ನು ನಾನೇ ಒಯ್ದೆ. ದೊಡ್ಡಮ್ಮ ಡಬ್ಬಿ ಇಸಿದುಕೊಂಡು ಗೂಡಿನಲ್ಲಿಟ್ಟು, ಮನೆಯವರ ಯೋಗಕ್ಷೇಮ ಕೇಳಿದಳು. ನಾಲ್ಕು ಗಂಟೆಯಾಯಿತು. ಅವಳು ಎದ್ದು ಡಬ್ಬಿ ತಂದು ಜಗಲಿಯ ಮೇಲೆ ಕೂತಳು. ಮುಚ್ಚಳ ತೆಗೆದು, ಡಬ್ಬಿಯನ್ನು ಮುಖದ ಹತ್ತಿರ ಹಿಡಿದು, ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದಳು. ಥೇಟ್ ಮಾವನ ಹಾಗೆ! ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು ಹಾಗೇ ಕೂತಿದ್ದು ಮುಚ್ಚಳ ಹಾಕಿದಳು. ತಿಂಗಳ ಕೊನೆಗೆ ಬಿಸ್ಕತ್ತೆಲ್ಲ ಸೊಸೆ ಕೆಲಸ ಮಾಡುವ ಅಂಗನವಾಡಿಗೆ ಹೋಗುತ್ತದಂತೆ. ಆ ಮಕ್ಕಳೂ ಅದಕ್ಕೆ ಚೀಮಲ ಬಿಸ್ಕೆಟ್ಟು ಎಂದೇ ಹೆಸರಿಟ್ಟಿದ್ದಾರಂತೆ!

ನನಗೆ ರೇಗಿತು. ಅಲ್ಲಿ ಆ ಮನುಷ್ಯ ಎರಡು ವರ್ಷದಿಂದ ಕಾಯುತ್ತಿದ್ದಾನೆ, ಒಂದು ತಿಂದರೆ ನಿನ್ನ ಗಂಟೇನು ಹೋಗುತ್ತದೆ ಎಂದೆ. ದೊಡ್ಡಮ್ಮ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು.

"ಎಲ್ಲಾರೂ ಹಾಗಲಕಾಯಿ, ಸೀಮೆಬದನೆಕಾಯಿ ಅಂತ ಬಿಡ್ತಿದ್ರು. ನಾನೂ ಅಂಗೇ ಅನ್ಕಂಡು ಹೋಗಿದ್ದೆ ಕಣಮ್ಮ. ಗಂಗೆಗೆ ಇಳಿಯಾಕೆ ಮೆಟ್ಲ ಮೇಲೆ ನಿಂತಿವ್ನಿ, ನಿಮ್ಮಮ್ಮನ ಫೋನ್ ಬತ್ತು, ತಮ್ಮನ್ನ ಆಪರೇಷನ್‌ಗೆ ಒಳಕ್ಕೆ ಕರ್ಕೊಂಡೋದ್ರು ಅಂತ. ಅಲ್ಲಿ ಅವ್ನ ಎದೆ ಕುಯ್ತಾ ಅವ್ರೆ, ಇಲ್ಲಿ ನಾನು ತಿನ್ನದೇ ಇರೋ ಕಾಯಿ ಬಿಟ್ರೆ ದೇವ್ರು ನಂಬ್ತಾನಾ? ಅದ್ಕೇ ಬಲು ಇಷ್ಟವಾದದ್ದು ಬಿಟ್ಬುಟ್ಟೆ."

ಬಿಟ್ಟದ್ದು ಕುಡಿಯುವುದನ್ನಲ್ಲವೇ, ಇದು ತಿನ್ನುವುದು ಎಂದು ಮಾವನ ವಾದವನ್ನೇ ಮುಂದಿಟ್ಟೆ.

"ಅವ್ನು ನೆಟ್ಟಗೆ ಓಡಾಡ್ಕಂಡವ್ನೆ. ನಾನ್ಯಾಕೆ ದೇವ್ರ ತಾವ ವಕೀಲಿಕೆ ಮಾಡ್ಲಿ? ಅವ್ನಿಗೇಳ್ಬೇಡ. ಹೇಳಿದ್ರೆ ಅವ್ನೂ ಟೀ ಬಿಟ್ಬುಡ್ತಾನೆ."

ಹಾಗಾದರೆ ಮೂಸಬಹುದೇ ಎಂದೆ. ಗಂಗೆಯ ಹತ್ತಿರ ಮೂಗಿನ ಮಾತು ಆಡಿಲ್ಲವಂತೆ! ಅಕ್ಕನಲ್ಲೂ ಒಂದು ಚೂರು ವಕೀಲಿಕೆ ಇತ್ತು, ಬಿಡಿ. ನಾನು ನಗಬೇಕೆಂದುಕೊಂಡೆ, ಅಳು ಬಂತು.

ಹೇಳಬೇಡ ಎಂದರೆ ಸುಮ್ಮನಿರುವ ಬಾಯಲ್ಲ ನನ್ನದು. ಮಾರನೆಯ ದಿನ ಅಂಗಡಿಯಲ್ಲಿ ಮಾವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಯಾರಿಗೋ ಡಸ್ಟು ಕಟ್ಟುತ್ತಿದ್ದ. ಕಟ್ಟಿದ ಪೊಟ್ಟಣಕ್ಕೇ ಮತ್ತೆ ದಾರ ಸುತ್ತಿದ, ಮತ್ತೆ ಸುತ್ತಿದ. ಗಿರಾಕಿ ಹೋದ ಮೇಲೂ ತಲೆ ಎತ್ತಲಿಲ್ಲ. ಮೆಣಸಿನಕಾಯಿ ಘಾಟು ಎಂದು ಟವಲಿನಿಂದ ಕಣ್ಣೊರೆಸಿಕೊಂಡ. ಮೂವತ್ತು ವರ್ಷದಿಂದ ಬಾಧಿಸದ ಘಾಟು! ಟವಲನ್ನು ಹೆಗಲಿಗೆ ಹಾಕಿಕೊಂಡು ಕೇಳಿದ:

"ವಾಸ್ನೆ ಚೆನ್ನಾಗೈತೆ ಅಂದ್ಲಾ?"

ಈ ತಿಂಗಳ ಡಬ್ಬಿ ಬೇರೆ ಥರ ಇತ್ತು. ಬಿಸ್ಕತ್ತಿಗೆ ಬರೀ ಮೈದಾ, ಬೆಣ್ಣೆ, ಸಕ್ಕರೆ, ಚಿಟಿಕೆ ಉಪ್ಪು. ಟೀ ಎಲೆ ಒಂದು ಚೂರೂ ಇಲ್ಲ. ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಒಂದು ಹಿಡಿ ಟೀ ಎಲೆ ಗಂಟು ಕಟ್ಟಿ ಡಬ್ಬಿಯ ನಡುವೆ ಇಟ್ಟ. ಬೇಕರಿಯವನು ಚೀಮಲು ಎಲ್ಲಿ ಎಂದು ಕೇಳಿದ್ದಕ್ಕೆ ಕೋಪಿಸಿಕೊಳ್ಳಲೂ ಇಲ್ಲ. ನೀನೇ ಒಯ್ಯಬಾರದೇ ಎಂದೆ. ಮೊದಲು ಅವಳು ತಿನ್ನಲಿ, ಆಮೇಲೆ ಹೋಯ್ತೀನಿ ಎಂದ.

ನಿನ್ನೆ ನಾನು ಅಂಗಡಿಯಲ್ಲಿದ್ದಾಗಲೇ ಫೋನು ಬಂತು. ನಾಲ್ಕು ಗಂಟೆ. ಮಾವ ಸ್ಪೀಕರು ಹಾಕಿ ಗಲ್ಲಾ ಪೆಟ್ಟಿಗೆಯ ಮೇಲಿಟ್ಟ. ಆ ಕಡೆಯಿಂದ ಮೊದಲು ದೀರ್ಘವಾಗಿ ಗಂಟು ಮೂಸುವ ಶಬ್ದ, ಆಮೇಲೆ ಏನೋ ಮೆಲ್ಲುವ ಶಬ್ದ.

"ತಿಂತಾ ಇವ್ನಿ ಕಣಪ್ಪ," ಎಂದಳು ದೊಡ್ಡಮ್ಮ. "ಉಪ್ಪು ಒಂಚೂರು ಮುಂದಾಗೈತೆ. ನೀನೂ ಕುಡಿ, ಆರೋಯ್ತದೆ."

ಮಾವ ಮುಂದಿದ್ದ ಲೋಟ ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಬಿಸ್ಕತ್ತಿತ್ತು. ಏನು ಮಾಡುತ್ತಿದ್ದೇನೆಂಬ ಅರಿವೇ ಇಲ್ಲದೆ ಅದನ್ನು ಟೀಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ನಾನು ನೋಡಿಯೂ ನೋಡದವಳ ಹಾಗೆ ರಸ್ತೆ ಕಡೆ ತಿರುಗಿ ಕೂತೆ. ನಾಲ್ಕು ವರ್ಷದ ಮೇಲೆ ಅಕ್ಕ ತಮ್ಮ ಜೊತೆಯಲ್ಲಿ ಟೀ ಕುಡಿಯುತ್ತಿದ್ದರು.