ಷಟರಿನ ಒಳಗಿನ ಅಲೆಗಳು

ನಮ್ಮ ಸೋದರಮಾವ ಸಮುದ್ರ ನೋಡಿದವರಲ್ಲ. ಆದರೂ ಬಸವಕಲ್ಯಾಣದಲ್ಲಿ ಅಲೆಗಳ ಬಗ್ಗೆ ಅವರಷ್ಟು ಅಧಿಕಾರದಿಂದ ಮಾತನಾಡುವವರು ಇನ್ನೊಬ್ಬರಿರಲಿಲ್ಲ!

ಮಾವನದು ತೊಗರಿ, ಕಡಲೆ ಕೊಂಡು ಮಾರುವ ಅಂಗಡಿ. ಮೊಬೈಲಿನಲ್ಲಿ ಅದ್ಯಾವುದೋ ವಿಡಿಯೋ ನೋಡಿ ಅಲೆ ಎಣಿಸುವ ಈ ವಿದ್ಯೆ ಹತ್ತಿಸಿಕೊಂಡರು. ಷೇರಿನ ಬೆಲೆಯಾಗಲಿ, ತೊಗರಿಯ ಧಾರಣೆಯಾಗಲಿ ನೆಟ್ಟಗೆ ಏರುವುದಿಲ್ಲ, ನೆಟ್ಟಗೆ ಇಳಿಯುವುದಿಲ್ಲ. ಏರುವಾಗ ಐದು ಅಲೆ, ಇಳಿಯುವಾಗ ಮೂರು, ಆಮೇಲೆ ಮತ್ತೆ ಏರಿಕೆ. “ಅಲಿ ಧಾರಣಿದಲ್ಲೋ ತಮ್ಮಾ, ಮಂದಿ ಆಸೆ, ಅಂಜಿಕಿದು” ಎಂದು ಶಾಲೆಯಲ್ಲಿ ಗಣಿತ ಕಲಿಸುವ ನನಗೇ ಪಾಠ ಹೇಳುತ್ತಿದ್ದರು.

ಅಲೆ ಬರೆಯಲು ಜಾಗ ಬೇಕಲ್ಲ? ಗೋಡೆಗೆಲ್ಲ ಚೀಲ ಒಟ್ಟಿದ್ದರು. ಉಳಿದದ್ದು ಷಟರು. ಅದರ ಒಳಮೈಯಲ್ಲಿ ಅಡ್ಡಪಟ್ಟಿಗಳು ಬೇರೆ ಇದ್ದವು, ಗೆರೆ ಹೊಡೆಯುವ ಕೆಲಸವೂ ತಪ್ಪಿತು. ಬಿಳಿ ಬಣ್ಣ ತಂದು ಬರೆದೇಬಿಟ್ಟರು. ಆದರೆ ಷಟರ್ ಎತ್ತಿದರೆ ಅಲೆಗಳೆಲ್ಲ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತವಲ್ಲ! ನೋಡಬೇಕಾದರೆ ಅಂಗಡಿ ಮುಚ್ಚಬೇಕು, ಅದೂ ವ್ಯಾಪಾರದ ಹೊತ್ತಿನಲ್ಲೇ.

ನಮ್ಮ ಕಡೆ ನಡುಹಗಲಿನಲ್ಲಿ ಷಟರ್ ಎಳೆದರೆ ಒಂದೇ ಅರ್ಥ. ಮಾವ ಮೊದಲ ಸಲ ಎಳೆದಾಗ ಅಕ್ಕಪಕ್ಕದವರು ಬಂದು ಸಪ್ಪೆ ಮುಖ ಮಾಡಿ ನಿಂತರು. ತೊಗರಿ ತಂದಿದ್ದ ಮೋರಖಂಡಿಯ ಮುದುಕ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಮಾವ ಷಟರ್ ಎತ್ತಿದರು.

“ಯಾರು ಹೋದ್ರರಿ, ಸಾವುಕಾರ್ರೇ?”

“ಯಾರೂ ಹೋಗಿಲ್ಲ. ನಾಕನೇ ಅಲಿ ಮುಗದಾದ, ಇನ್ನ ಧಾರಣಿ ಏರ್ತದ. ನಿನ್ನ ತೊಗರಿ ಇವತ್ತ ಮಾರಬ್ಯಾಡ, ತಡಿ.”

ಕೊಳ್ಳುವವನೇ ಮಾರಬೇಡ ಎಂದರೆ ಅಂಗಡಿ ನಡೆಯುವುದು ಹೇಗೆ?

ಎಣಿಕೆ ಎಷ್ಟೋ ಸಲ ತಪ್ಪುತ್ತಿತ್ತು. “ಅಲಿ ತಪ್ಪಂಗಿಲ್ಲ, ನನ್ನ ಎಣಿಕಿ ತಪ್ಪ್ಯಾದ” ಎಂದು ಗೆರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಮನೆಯಲ್ಲಿ ಅತ್ತೆಯ ಸಿಟ್ಟನ್ನೂ ಎಣಿಸದೆ ಬಿಡಲಿಲ್ಲ.

“ಇದು ಮೂರನೇ ಅಲಿ. ಇದೇ ಎಲ್ಲಕ್ಕಿಂತ ದೊಡ್ಡದು.”

“ಐದನೇದು ಬರ್ಲಿ, ರೊಟ್ಟಿ ನೀವೇ ಬಡಕೋಬೇಕಾಗ್ತದ” ಎನ್ನುತ್ತಿದ್ದರು ಅತ್ತೆ.

ಕ್ರಮೇಣ ಊರಿಗೂ ರೂಢಿಯಾಯಿತು. ಷಟರ್ ಇಳಿದರೆ ಯಾರೂ ನಿಲ್ಲುತ್ತಿರಲಿಲ್ಲ. “ಸಾವುಕಾರ್ರು ಅಲಿ ಎಣಸಾಕತ್ತಾರ” ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಕಳೆದ ಚಳಿಗಾಲ ಅತ್ತೆಗೆ ಉಸಿರಾಟ ಕಷ್ಟವಾಗಿ ಹುಮನಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಮಾವನ ಅಕ್ಕ, ಅಂದರೆ ನನ್ನ ಅವ್ವ, ಜೊತೆಗಿದ್ದಳು. ಮಾವ ಸಂಜೆಯ ಬಸ್ಸಿಗೆ ಹೋಗಿ ಬೆಳಿಗ್ಗೆ ಬರುತ್ತಿದ್ದರು. ಅಲ್ಲೇ ಇರಿ ಎಂದರೆ ಕೇಳಲಿಲ್ಲ, ಅಲೆ ನೋಡದೆ ಅವರಿಗೆ ಧೈರ್ಯ ಬರುತ್ತಿರಲಿಲ್ಲ. ಅವ್ವ ಫೋನಿನಲ್ಲಿ ಹೇಳಿದ ಆಕ್ಸಿಜನ್ ಅಂಕಿಯನ್ನು ತೊಗರಿಯ ಅಲೆಯ ಪಕ್ಕದಲ್ಲೇ ಹಸಿರು ಗೆರೆಯಾಗಿ ಬರೆದುಕೊಳ್ಳುತ್ತಿದ್ದರು. ಅತ್ತೆಯೂ ಮಾಸ್ಕ್ ಸರಿಸಿ, “ಇವತ್ತ ನಂದು ಎಷ್ಟನೇ ಅಲಿರಿ?” ಎಂದು ಕೇಳುತ್ತಿದ್ದರಂತೆ.

ಹಸಿರು ಗೆರೆ ಇಳಿಯುತ್ತಲೇ ಇತ್ತು. “ಇದು ಮೂರನೇ ಇಳಿತ ತಮ್ಮಾ. ಇದಾದ ಮ್ಯಾಲ ಏರಬೇಕು. ಏರಲೇಬೇಕು” ಎಂದರು. ಗಣಿತದ ಮೇಷ್ಟ್ರಾದ ನಾನು ಹೂಂ ಎಂದೆ.

ಒಂದು ಮಧ್ಯಾಹ್ನ ಶಾಲೆಯಿಂದ ಬರುವಾಗ ಷಟರ್ ಇಳಿದಿತ್ತು. “ಇವತ್ತ ಭಾಳೊತ್ತಾತ್ರಿ, ಎಣಿಕಿ ಮುಗೀವಲ್ತು” ಎಂದು ಎದುರಿನ ಚಹಾದಂಗಡಿಯವನು ನಕ್ಕ. ನಾನೂ ನಕ್ಕು, ಪಾಠದ ಹೊತ್ತಿಗೆ ಬಂದ್ ಮಾಡಿಟ್ಟಿದ್ದ ಫೋನು ಹಚ್ಚಿದೆ. ಕೂಡಲೇ ಅವ್ವನ ಕರೆ ಬಂತು.

“ನಿಮ್ಮತ್ತಿ ಹೋದಳಪ್ಪ. ಮಾವಗ ಹೇಳೀನಿ, ಆಮ್ಯಾಲ ಫೋನೇ ಎತ್ತವಲ್ಲ. ಅವನ ಕಡಿ ಹೋಗು.”

ಷಟರನ್ನು ಮೊಣಕಾಲಿನಷ್ಟು ಎತ್ತಿದೆ. “ಎತ್ತಬ್ಯಾಡ” ಎಂದು ಒಳಗಿಂದ ದನಿ ಬಂತು. ಬಗ್ಗಿ ಒಳಗೆ ನುಸುಳಿ ಮತ್ತೆ ಇಳಿಸಿದೆ. ಬಲ್ಬಿನ ಬೆಳಕಿನಲ್ಲಿ ಮಾವ ಚೀಲದ ಮೇಲೆ ಕುಳಿತು ಹಸಿರು ಗೆರೆಯನ್ನೇ ನೋಡುತ್ತಿದ್ದರು. ಕೈಯಲ್ಲಿದ್ದ ಕುಂಚ ಒಣಗಿತ್ತು.

“ಅಲಿ ತಪ್ಪಂಗಿಲ್ಲ” ಎಂದರು. “ನನ್ನ ಎಣಿಕಿ...”

ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡೆ. ಹೊರಗೆ ಯಾರೋ ಅಲೆಯ ಮಾತಾಡಿ ನಗುತ್ತ ಹಾದುಹೋದರು. ಆ ನಗು ದೂರವಾಗುವವರೆಗೂ ಮಾವ ಕೇಳುತ್ತ ಕುಳಿತರು.

“ಹೊರಗ ಹೋಗಿ ಹೇಳು ತಮ್ಮಾ” ಎಂದರು, “ಇವತ್ತ ಖರೇನೇ ಮುಚ್ಚ್ಯಾದ ಅಂತ.”