ಮಂಡಿ ಮೂಗು ಮತ್ತು ಅಮೆರಿಕದ ಬಾಟ್ಲಿ

ಮೂಗು ಸತ್ತವನಿಗೆ ಮೂಗಿನ ಕೀರ್ತಿ ಅಂಟಿಕೊಂಡರೆ ಎಂಥ ಪೀಕಲಾಟ ಅನ್ನೋದನ್ನ ತಿಪಟೂರಿನ ತೋಂಟದಾರ್ಯನನ್ನೇ ಕೇಳಬೇಕು. ಕೊಬ್ಬರಿ ಮಂಡಿಯಲ್ಲಿ ಅವನಿಗಿದ್ದ ಬಿರುದು 'ಮಂಡಿ ಮೂಗು'. ಕೊಬ್ಬರಿ ಗಿಟುಕನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಒಲೆ ಮೇಲಿನ ಅಟ್ಟದ್ದು, ವರ್ಷ ತುಂಬೈತೆ" ಅಂದುಬಿಟ್ಟರೆ ಯಾವ ವ್ಯಾಪಾರಿಯೂ ಎದುರಾಡುತ್ತಿರಲಿಲ್ಲ. ಅದೆಲ್ಲ ಒಂದು ಕಾಲದ ಮಾತು. ಇಪ್ಪತ್ತು ವರ್ಷ ಬಿಡದೆ ಏರಿಸಿದ ನಶ್ಯ ಆ ಮಹಾನಾಸಿಕವನ್ನು ಬರೀ ಕನ್ನಡಕ ನಿಲ್ಲಿಸುವ ಗೂಟ ಮಾಡಿಟ್ಟಿತ್ತು.

ಎರಡು ವರ್ಷದಿಂದ ಅವನದು ಒಂದೇ ಉಪಾಯ. "ಮನೇಲಿ ನಿಧಾನವಾಗಿ ನೋಡ್ತೀನಿ" ಅಂತ ಮಾಲನ್ನು ಜೇಬಿಗಿಳಿಸಿಕೊಂಡು ಬಂದು ಅಡುಗೆಮನೆ ಕಟ್ಟೆ ಮೇಲೆ ಇಡುತ್ತಿದ್ದ. ಹೆಂಡತಿ ಗುರುಶಾಂತಮ್ಮ ಮುದ್ದೆ ತೊಳಸುತ್ತಲೇ, "ಥೂ, ಮುಗ್ಗಲು ಕಣ್ರೀ ಇದು, ಯಾರ್ ತಂದ್ರು?" ಅನ್ನುವಳು. ಮಾರನೇ ದಿನ ಆ 'ಥೂ'ವನ್ನೇ ಗಂಭೀರ ಭಾಷೆಗೆ ಇಳಿಸಿ ಇವನು ಮಂಡಿಯಲ್ಲಿ ತೀರ್ಪು ಕೊಡುವನು. (ಹೆಂಡತಿಗೆ ಇದೊಂದೂ ಗೊತ್ತಿಲ್ಲ ಅಂತ ಅವನ ನಂಬಿಕೆ. ಗಂಡಸರ ನಂಬಿಕೆಗಳೇ ಹಾಗೆ ಬಿಡಿ.)

ಹೀಗಿರುವಾಗ ದಂಡಿನಶಿವರದ ಶ್ರೀರಂಗಯ್ಯ ಬಂದ. ಹದಿನೈದು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಊರು ಸೇರಿದವನು, ಈಗ ಬೊಂಬಾಯಿಯ ಕಂಪನಿಯೊಂದಕ್ಕೆ ಕೊಬ್ಬರಿ ಕೊಳ್ಳುವ ಏಜೆಂಟ್. ಅವನಿಗೆ ಮಾಲು ಮೂಸಿ ದರ್ಜೆ ಹೇಳುವ ಖಾಯಂ ಮನುಷ್ಯ ಒಬ್ಬ ಬೇಕಾಗಿದ್ದ. ಕೂರಲು ಕುರ್ಚಿ, ತಲೆ ಮೇಲೆ ಫ್ಯಾನು. ಇಪ್ಪತ್ತು ವರ್ಷ ಮೂಟೆ ಮೇಲೇ ಕೂತು ಸವೆದ ತೋಂಟದಾರ್ಯನಿಗೆ ಆ ಕೆಲಸದ ಮೇಲೆ ಪ್ರಾಣ ಹೋಗುವಷ್ಟು ಆಸೆ ಹುಟ್ಟಿತು.

"ಕೊಬ್ಬರಿ ಎಲ್ರೂ ಮೂಸ್ತಾರೆ ಕಣ್ರೀ, ನಂದು ಬೇರೆ ಪರೀಕ್ಷೆ," ಅಂದ ಶ್ರೀರಂಗಯ್ಯ, ಪೇಪರಿನಲ್ಲಿ ಸುತ್ತಿದ ಬಾಟ್ಲಿಯೊಂದನ್ನು ಕೈಗಿಡುತ್ತ. "ಬರ್ಬನ್ ಅಂತ, ಅಮೆರಿಕದ ವಿಸ್ಕಿ. ಅಗ್ಗದ್ದು ಅಂತ ಹಗುರ ಮಾಡ್ಬೇಡಿ. ಅಲ್ಲಿ ಬಂದರಿನ ಕೂಲಿಯೋರು ಕುಡಿಯೋದು, ಆದ್ರೂ ಮಾಡಿದೋನು ಮೋಸ ಮಾಡಿಲ್ಲ. ಗಟಗಟ ಇಳಿಸ್ಬೇಡಿ. ಎರಡು ಹನಿ ನೀರು ಬಿಟ್ಟು, ಬಾಯಿ ವಸಿ ತೆರೆದು ಮೂಸಿ, ನಾಲಿಗೆ ಮೇಲೆ ಹೊರಳಾಡ್ಸಿ. ಅದರಾಗೆ ಏನೇನು ವಾಸನೆ ಐತೆ ಅಂತ ಭಾನುವಾರ ಬೆಳಿಗ್ಗೆ ಹೇಳಿ, ಕೆಲ್ಸ ನಿಮ್ದೇ."

ಶನಿವಾರ ಮಧ್ಯಾಹ್ನ ಗುರುಶಾಂತಮ್ಮ ಸಂತೆಗೆ ಹೋದದ್ದೇ ತಡ, ತೋಂಟದಾರ್ಯ ಹಿತ್ತಲ ಕೊಟ್ಟಿಗೆ ಸೇರಿದ. ಕತ್ತಿನಲ್ಲಿ ಲಿಂಗ ಕಟ್ಟಿದವನು, ಮನೆಯ ಲೋಟ ಮೈಲಿಗೆ ಮಾಡುವುದುಂಟೇ? ಒಂದು ತೆಂಗಿನ ಕರಟ ಒರೆಸಿಕೊಂಡ. 'ಶಿವ ವಿಷ ಕುಡಿದದ್ದು ಲೋಕಕ್ಕಾಗಿ, ನಾನು ಕುಡಿಯೋದು ಉದ್ಯೋಗಕ್ಕಾಗಿ' ಅಂದುಕೊಂಡು ಮೂಸಿದ. ಏನೂ ಇಲ್ಲ. ಬಾಯಿಗೆ ಬಿಟ್ಟುಕೊಂಡ. ಬೆಂಕಿ! ಎರಡನೇ ಗುಟುಕಿಗೆ ಬೆಂಕಿ ಹೋಗಿ ಬೆಚ್ಚಗಾಯಿತು. ನಾಲಿಗೆಯ ತುದಿಗೆ ಏನೋ ಸಿಹಿ ತಗಲಿದ ಹಾಗಾಯಿತು, ಯಾವ ಸಿಹಿ ಅಂತ ಮಾತ್ರ ಗೊತ್ತಾಗಲಿಲ್ಲ. ಮೂರನೇ ಗುಟುಕಿಗೆ ಜಗತ್ತಿನಲ್ಲಿ ಎಲ್ಲರೂ ಒಳ್ಳೆಯವರೇ ಅನ್ನಿಸಿತು.

ಸಂತೆಯಿಂದ ಬಂದ ಹೆಂಡತಿಗೆ ಬಾಗಿಲಲ್ಲೇ ಹೇಳಿದ: "ಲೇ, ನಿಮ್ಮವ್ವ ದೇವತೆ ಕಣೇ."

ಗುರುಶಾಂತಮ್ಮ ಬುಟ್ಟಿ ಇಳಿಸಿ ಅವನನ್ನೇ ನೋಡಿದಳು.

"ಇದು ನೆಗಡಿ ಕಷಾಯ," ಅಂತ ಅವನು ಕರಟ ಮುಂದೆ ಹಿಡಿದ. "ಪಂಡಿತರು ಏನೇನು ಹಾಕವ್ರೆ, ವಸಿ ನೋಡೇ."

ಅವಳು ತುಪ್ಪ ಪರೀಕ್ಷೆ ಮಾಡುವ ಹಾಗೆ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದಳು. "ಬೆಲ್ಲದ ಪಾಕ ತಳ ಹತ್ತಿಸವ್ರೆ. ಮುಸುಕಿನ ಜೋಳ ಐತೆ. ಸುಟ್ಟ ಮರ. ವಸಿ ಲವಂಗ. ಆಮೇಲೆ... ಇದ್ಯಾಕ್ರೀ ಕೊಬ್ಬರಿ ವಾಸನೆ?"

"ಕರಟದ್ದಿರ್ಬೇಕು ಬುಡು."

"ಕರಟದ ವಾಸ್ನೆ ನಂಗೊತ್ತಿಲ್ವಾ? ಇದು ಅಟ್ಟದ ಕೊಬ್ಬರಿ."

ತೋಂಟದಾರ್ಯ ನಾಲ್ಕನ್ನೂ ಬಾಯಿಪಾಠ ಮಾಡಿದ, ಕೊಬ್ಬರಿಯನ್ನು ಮಾತ್ರ ಬಿಟ್ಟ. ತಿಪಟೂರಿನವನಿಗೆ ಅಮೆರಿಕದ ವಿಸ್ಕಿಯಲ್ಲೂ ಕೊಬ್ಬರಿಯೇ ಕಾಣುತ್ತೆ ಅಂತ ನಕ್ಕುಬಿಟ್ಟರೆ?

ಭಾನುವಾರ ಶ್ರೀರಂಗಯ್ಯ ಮನೆಗೇ ಬಂದು ಜಗಲಿ ಮೇಲೆ ಕೂತ. ತೋಂಟದಾರ್ಯ ಕಣ್ಣು ಮುಚ್ಚಿ, ವೇದ ಹೇಳುವ ಠೀವಿಯಲ್ಲಿ ಪಾಕ, ಜೋಳ, ಮರ, ಲವಂಗ ಒಪ್ಪಿಸಿದ. ಶ್ರೀರಂಗಯ್ಯ ತೊಡೆ ತಟ್ಟಿದ. "ಭಲೇ! ಜೋಳದ್ದೇ ಕಣ್ರೀ ಅದು. ಒಳಗೆ ಸುಟ್ಟ ಪೀಪಾಯಿಲಿ ವರ್ಷಗಟ್ಟಲೆ ಇಡ್ತಾರೆ. ಆ ಮರದಿಂದ್ಲೇ ಇಳಿಯೋ ವಾಸನೆ ಇನ್ನೊಂದೈತೆ, ಹೇಳಿ. ಹಡಗಿನಾಗೆ ಅದು ಮೂಗಿಗೆ ಬಡಿದಾಗ ಊರು ನೆನೆದು ಅತ್ತಿದ್ದೆ ನಾನು."

ತೋಂಟದಾರ್ಯ ಕಣ್ಣು ಬಿಟ್ಟ. "ಏ... ಏಲಕ್ಕಿ?"

"ಅಲ್ಲ."

"ವೀಳ್ಯದೆಲೆ?"

"ಅಯ್ಯೋ, ಕೊಬ್ಬರಿ ಅಂತ ನಿನ್ನೇನೇ ಬಡ್ಕೊಂಡ್ನಲ್ರೀ!" ಬಾಗಿಲ ಹಿಂದಿನಿಂದ ಗುರುಶಾಂತಮ್ಮ ಹೊರಗೇ ಬಂದಳು. "ಕಷಾಯ ಅಂತೆ ಕಷಾಯ! ಕಷಾಯ ಕುಡಿದೋರು ಯಾರಾದ್ರೂ ನಮ್ಮವ್ವನ್ನ ದೇವತೆ ಅಂತಾರಾ?"

ಶ್ರೀರಂಗಯ್ಯ ಇಬ್ಬರ ಮುಖವನ್ನೂ ನೋಡಿದ. ಚೀಲದಿಂದ ಮೂರು ಗಿಟುಕು ತೆಗೆದು ಅವಳ ಮುಂದಿಟ್ಟ. ಅವಳು ಒಂದೊಂದನ್ನೇ ಎತ್ತಿ ಮೂಸಿದಳು. "ಇದು ಒಲೆ ಅಟ್ಟದ್ದು. ಇದು ತಗಡಿನ ಸೂರಿಂದು, ಬಿಸಿಲಿಗೆ ಕಮಟು ಹಿಡಿದೈತೆ. ಇದನ್ನ ಹಸಿಲೇ ಇಳಿಸವ್ರೆ, ಒಂದು ತಿಂಗ್ಳೂ ತಡೆಯಲ್ಲ," ಅಂದಳು ಅವಳು. ಮೂರೂ ಸರಿ.

ತೋಂಟದಾರ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಎರಡು ವರ್ಷದಿಂದ ಎದೆ ಮೇಲೆ ಕೂತಿದ್ದ ಭಯ ಎದ್ದು ಹೋದ ಹಾಗಾಗಿ, ನಾಚಿಕೆಯ ನಡುವೆಯೇ ಹೆಂಡತಿಯ ಮೇಲೆ ಹೆಮ್ಮೆಯೂ ಬಂತು.

"ಕೆಲ್ಸ ನಿಮ್ದೇ ತಾಯಿ," ಅಂದ ಶ್ರೀರಂಗಯ್ಯ. "ನೀವು ಮಂಡಿಗೆ ಬರೋದೇನೂ ಬ್ಯಾಡ, ಮಾಲು ಮನೆಗೇ ಕಳಿಸ್ತೀನಿ. ಚೀಲ ಹೊತ್ತು ತಂದು ಕೊಡೋಕೆ ನಂಬಿಕಸ್ಥ ಆಳು ಯಾರಾದ್ರೂ ಗೊತ್ತಾ?"

ಗುರುಶಾಂತಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಇವ್ರನ್ನೇ ಇಟ್ಕೊಳ್ಳಿ ಅಣ್ಣ. ಮೂಗೊಂದು ಬುಟ್ರೆ ಮಿಕ್ಕಿದ್ದೆಲ್ಲ ಗಟ್ಟಿಯಾಗೈತೆ."