ಮೇಸ್ತ್ರಿಗೂ ಕ್ಯಾಪ್ಟನಮ್ಮನಿಗೂ ಮದುವೆಯಾಗುವ ತನಕ

ನನ್ನ ಸೋದರಮಾವನನ್ನು ಯಾರಾದರೂ ಒಳ್ಳೆಯ ಮನುಷ್ಯ ಎಂದು ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಚನ್ನರಾಯಪಟ್ಟಣದಲ್ಲಿ ಹಾಗೆ ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಗಳಲಿ, ಅವರ ಗಂಟೇನು ಹೋಗುತ್ತದೆ? ಅವರ ಮದುವೆಯನ್ನು ಅವನು ತಡೆದು ನಿಲ್ಲಿಸಿರಲಿಲ್ಲವಲ್ಲ! ನನ್ನದನ್ನು ನಿಲ್ಲಿಸಿದ್ದ. ಅದೂ ಎಂಥ ಕಾರಣಕ್ಕೆ? ಜಾತಕ ಕೂಡಿತ್ತು, ಹುಡುಗ ಒಪ್ಪಿದ್ದ, ನಾನೂ ಒಪ್ಪಿದ್ದೆ. ಆದರೆ ಭೂಮಿಯ ಮೇಲೆ ಎಂದೂ ಇಲ್ಲದ, ಇಂಗ್ಲಿಷ್ ಕಾದಂಬರಿಯೊಳಗಿನ ಇಬ್ಬರಿಗೆ ಇನ್ನೂ ಮದುವೆಯಾಗಿರಲಿಲ್ಲ. ಅದಕ್ಕೆ ನನ್ನದೂ ಆಗಬಾರದು! ಇಂಥವನನ್ನು ಒಳ್ಳೆಯ ಮನುಷ್ಯ ಅನ್ನಬೇಕೆ? ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಮಾವನದು ಮೋಟರ್ ವೈಂಡಿಂಗ್ ಅಂಗಡಿ. ಸುತ್ತಮುತ್ತಲ ಹಳ್ಳಿಗಳಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳೆಲ್ಲ ತಂತಿ ಸುತ್ತಿಸಿಕೊಳ್ಳಲು ಅವನಲ್ಲಿಗೇ ಬರುತ್ತಿದ್ದವು. ಅಪ್ಪ ಅವ್ವ ದಂಡಿಗನಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಹೈಸ್ಕೂಲು ಓದಲಿ ಎಂದು ನನ್ನನ್ನು ಮಾವನ ಮನೆಯಲ್ಲಿ ಬಿಟ್ಟರು. ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಹೈಸ್ಕೂಲು ಮುಗಿಯಿತು, ಕಾಲೇಜು ಮುಗಿಯಿತು, ಟೀಚರ್ ಕೆಲಸವೂ ಸಿಕ್ಕಿತು, ನಾನು ಅಲ್ಲೇ ಉಳಿದುಬಿಟ್ಟೆ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಕೇಬಲ್ ಟಿವಿ ಬಂತು. ಅದರ ಹಿಂದೆಯೇ ಒಂದು ಇಂಗ್ಲಿಷ್ ಧಾರಾವಾಹಿ ಬಂತು. ನಕ್ಷತ್ರಗಳ ನಡುವೆ ಓಡಾಡುವ ಹಡಗು. ಅದಕ್ಕೊಬ್ಬಳು ಕ್ಯಾಪ್ಟನ್. ಕೆಳಗೆ ಇಂಜಿನ್ ಮನೆಯಲ್ಲೊಬ್ಬ ರಿಪೇರಿಯವನು. ಅವರ ಹೆಸರುಗಳು ಅತ್ತೆಯ ನಾಲಿಗೆಯಲ್ಲಿ ಹೊರಳದೆ ನಮ್ಮ ಮನೆಯಲ್ಲಿ ಅವರು ಕ್ಯಾಪ್ಟನಮ್ಮ, ಮೇಸ್ತ್ರಿ ಎಂದೇ ಆದರು. ಹಡಗು ಕೆಟ್ಟಾಗಲೆಲ್ಲ ಕ್ಯಾಪ್ಟನಮ್ಮ ಕೆಳಗಿಳಿದು ಬರುತ್ತಾಳೆ, ಮೇಸ್ತ್ರಿ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಾನೆ, ಇಬ್ಬರೂ ಏನೋ ಹೇಳಲು ಬಾಯಿ ತೆರೆಯುತ್ತಾರೆ, ಅಷ್ಟರಲ್ಲಿ ಗಂಟೆ ಬಡಿದುಕೊಳ್ಳುತ್ತದೆ, ಶತ್ರು ಬಂದ! ವಾರವಾರವೂ ಇದೇ ಗೋಳು. ಗ್ರೀಸು ಮೆತ್ತಿದ ಕೈಯವನೊಬ್ಬ ಕತೆಯ ನಾಯಕನಾದದ್ದನ್ನು ಮಾವ ನೋಡಿದ್ದು ಅದೇ ಮೊದಲು, ಹಾಗಾಗಿ ಕಣ್ಣುಮುಚ್ಚಿ ಮೇಸ್ತ್ರಿಯ ಪಕ್ಷ ಹಿಡಿದ. ಆಮೇಲೊಂದು ದಿನ ಧಾರಾವಾಹಿ ನಿಂತೇಹೋಯಿತು. ಆ ಇಬ್ಬರೂ ತೆರೆದ ಬಾಯಿ ತೆರೆದುಕೊಂಡೇ ಉಳಿದರು.

ಅಲ್ಲಿಗೆ ಪೀಡೆ ತೊಲಗಿತು ಅಂದುಕೊಂಡಿರಾ? ಟಿವಿಯಲ್ಲಿ ಮುಗಿದ ಮೇಲೂ ಅದೇ ಪಾತ್ರಗಳನ್ನು ಇಟ್ಟುಕೊಂಡು ಕಾದಂಬರಿಗಳ ಸಾಲು ಸಾಲೇ ಬರೆಯುವ ಪದ್ಧತಿ ಆ ದೇಶದಲ್ಲಿದೆಯಂತೆ. ಒಂದೊಂದಕ್ಕೆ ಒಬ್ಬೊಬ್ಬ ಬರೆಯುವವನು. ಹಾಸನದ ಬಸ್ ಸ್ಟ್ಯಾಂಡ್ ಬಳಿ ಹಳೇ ಪುಸ್ತಕ ಮಾರುವವನೊಬ್ಬನ ರಾಶಿಯಲ್ಲಿ ಮಾವನಿಗೆ ಅಂಥದೊಂದು ಸಿಕ್ಕಿತು. ತಾಮ್ರದ ತಂತಿ ತರಲು ಹೋದವನು ತಂತಿ ಮರೆತು ಪುಸ್ತಕ ಹಿಡಿದುಕೊಂಡು ಬಂದ. ಅವನದು ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟ ಇಂಗ್ಲಿಷು. ತೊಡೆಯ ಮೇಲೆ ನಿಘಂಟು, ಕೈಯಲ್ಲಿ ಕಾದಂಬರಿ, ಎದುರಿಗೆ ಬಿಚ್ಚಿ ಹರಡಿದ ಮೋಟರು. ಹೀಗೆ ನಮ್ಮ ಮನೆಯ ಶನಿ ಶುರುವಾಯಿತು.

ಹಳೇ ಪುಸ್ತಕದ ರಾಶಿಯಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂದು ಬರೆದಿಟ್ಟಿರುತ್ತಾರೆಯೇ? ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಓದಿದ. ಒಂದರಲ್ಲಿ ಕ್ಯಾಪ್ಟನಮ್ಮ ಮೇಸ್ತ್ರಿಯ ಕೈ ಹಿಡಿದು ಕಣ್ಣೀರು ಹಾಕಿದಳಂತೆ. ಅವತ್ತು ಮಾವ ಅರ್ಧ ಕೆಜಿ ಮೈಸೂರ್ ಪಾಕು ತಂದ. ಮುಂದಿನ ಸಲ ಸಿಕ್ಕ ಪುಸ್ತಕ ಅದಕ್ಕಿಂತ ಹಿಂದಿನದು. ಅದರಲ್ಲಿ ಆಕೆಗೆ ಅವನ ಪರಿಚಯವೇ ಇಲ್ಲ. ಮಾವ ಕೆಂಡವಾದ.

“ಓದ್ಸಲದ್ ಪುಸ್ತಕದಲ್ಲಿ ಕೈ ಇಡ್ಕೊಂಡು ಅತ್ತೋಳು, ಇದ್ರಲ್ಲಿ ನೀನ್ಯಾರಪ್ಪ ಅಂತಾಳೆ ಕಣಮ್ಮಿ. ಆಫೀಸರು ಅಂತ ಕೊಬ್ಬು” ಎಂದ.

ಇದು ಹಿಂದಿನ ಕತೆ ಇರಬೇಕು ಮಾವ, ಮೊದಲ ಪುಟದಲ್ಲಿ ಅಚ್ಚಾದ ವರ್ಷ ನೋಡು ಎಂದೆ. ನೋಡಲಿಲ್ಲ. ಸಿಟ್ಟು ಬಂದವನಿಗೆ ವರ್ಷ ಯಾಕೆ ಬೇಕು? ಎರಡು ದಿನ ಅಂಗಡಿಗೆ ಬಂದವರ ಮೇಲೆಲ್ಲ ರೇಗಾಡಿದ. ನನಗೂ ಬಿತ್ತು, ಅತ್ತೆಗೂ ಬಿತ್ತು, ಪಾಪ ಹಾಲು ಹಾಕಲು ಬಂದವನಿಗೂ ಬಿತ್ತು.

ಅಂಥದ್ದೇ ಒಂದು ದಿನ ನಮ್ಮ ದಂಡಿಗನಹಳ್ಳಿ ಕಡೆಯ ರೈತನೊಬ್ಬ ಮೋಟರು ಕೇಳಲು ಬಂದ. ಮಾವ ಪುಸ್ತಕದಿಂದ ತಲೆ ಎತ್ತದೆ, ಇರಪ್ಪ, ಇಲ್ಲೊಂದು ಮದುವೆ ನಿಂತುಹೋಗಿದೆ, ನನಗೆ ಕೈಕಾಲೇ ಆಡುತ್ತಿಲ್ಲ ಎಂದ. ಆ ಪುಣ್ಯಾತ್ಮ ಟವೆಲು ಹಾಸಿಕೊಂಡು ಎದುರಿಗೇ ಕೂತುಬಿಟ್ಟ.

“ಯಾವೂರು ಸಾ? ಎಣ್ಣಿನ್ ಕಡೆಯೋರು ಒಪ್ತಿಲ್ವಾ? ಯೋಳಿ, ನಮ್ಮೋರು ನಾಕ್ ಜನ ಬಂದು ಮಾತಾಡ್ತೀವಿ.”

ಬೇರೆ ಯಾರಾದರೂ ಆಗಿದ್ದರೆ ನಕ್ಕು ನಿಜ ಹೇಳುತ್ತಿದ್ದರು. ಮಾವ ಮಾತ್ರ, ಹುಡುಗ ಇಂಜಿನ್ ಮೆಕ್ಯಾನಿಕ್ಕು, ಹುಡುಗಿ ದೊಡ್ಡ ಹುದ್ದೆಯವಳು, ಒಂದೇ ಕಡೆ ಕೆಲಸ ಎಂದು ಎಲ್ಲವನ್ನೂ ಬಿಡಿಸಿ ಹೇಳಿದ. ರೈತ ಯೋಚನೆ ಮಾಡಿ, ಹಾಗಾದರೆ ಹುಡುಗ ಕೆಲಸ ಬಿಟ್ಟು ಸ್ವಂತ ಅಂಗಡಿ ಇಡಲಿ, ಆಗ ಸಮಸಮ ಆಗುತ್ತದೆ ಎಂದು ಪರಿಹಾರ ಕೊಟ್ಟ. ಇಂಥ ಬುದ್ಧಿ ಆ ಬರೆಯೋರಿಗೆ ಯಾಕೆ ಹೊಳೆಯಲಿಲ್ಲ ಎಂದು ಮಾವ ವಾರಗಟ್ಟಲೆ ಹಲುಬಿದ. ಮೋಟರು ಮಾತ್ರ ಅವತ್ತು ರಿಪೇರಿ ಆಗಲಿಲ್ಲ.

ಇನ್ನು ಅರಕಲಗೂಡಿನ ಅವಾಂತರ. ಅಲ್ಲಿ ಮಾವನ ಇನ್ನೊಬ್ಬ ಅಕ್ಕನ ಮಗಳ ಮದುವೆ. ನಮ್ಮಲ್ಲಿ ಮುಹೂರ್ತದ ತನಕ ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿಯುತ್ತಾರಲ್ಲ, ಮಾವ ಅದನ್ನು ತೆರೆ ಎನ್ನುತ್ತಿದ್ದ. ಅದರ ಒಂದು ತುದಿಯನ್ನು ಸೋದರಮಾವನೆಂದು ಇವನ ಕೈಗೆ ಕೊಟ್ಟರು. ಪುರೋಹಿತರು ಸಾವಧಾನ, ಸಾವಧಾನ ಎನ್ನುತ್ತ ಮಂತ್ರ ಬೆಳೆಸುತ್ತಿದ್ದರು. ಆ ವಾರವೇ ಒಂದು ಪುಸ್ತಕದಲ್ಲಿ ಮೇಸ್ತ್ರಿ ಕ್ಯಾಪ್ಟನಮ್ಮ ಮತ್ತೆ ಬೇರೆಯಾಗಿದ್ದರು. ಮಾವನ ತಾಳ್ಮೆ ಅಲ್ಲಿ ಕೆಟ್ಟಿತು.

“ಕಾಯ್ಸಿದ್ದು ಸಾಕು ಬುಡಿ ಸ್ವಾಮಿ” ಎಂದವನೇ ತೆರೆಯನ್ನು ಕೆಳಗೆ ಬಿಟ್ಟ.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಹುಡುಗಿಯ ಕೈಗೆ ಜೀರಿಗೆ ಬೆಲ್ಲ ಕೂಡ ಬಂದಿರಲಿಲ್ಲ, ಹುಡುಗ ಬೆವರು ಒರೆಸಿಕೊಳ್ಳುತ್ತಿದ್ದ. ಅವಳು ಕಣ್ಣು ಬಿಟ್ಟರೆ ಎದುರಿಗೆ ಕರ್ಚೀಫು! ಆ ಕಡೆಯ ಹೆಂಗಸರು ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ನೆಂಟರಲ್ಲಿ ಇನ್ನು ಯಾರ ಮದುವೆಯಲ್ಲೂ ಇವನ ಕೈಗೆ ತೆರೆ ಕೊಡಬಾರದು ಎಂದು ತೀರ್ಮಾನವೇ ಆಗಿಹೋಯಿತು. ಬಸ್ಸಿನಲ್ಲಿ ಬರುವಾಗ ಮಾವನಿಗೆ ನಾಚಿಕೆಯೇನೂ ಇರಲಿಲ್ಲ. ಆ ಬರೆಯೋರು ಕೂಡ ಹೀಗೇ ತೆರೆ ಹಿಡಿದು ನಿಂತಿದ್ದಾರೆ, ಓದುವವರು ಅಕ್ಷತೆ ಹಿಡಿದುಕೊಂಡು ಕೈ ಸೋತು ಹೋದರೂ ಇಳಿಸುತ್ತಿಲ್ಲ, ಕಟುಕರು ಎಂದು ಹೊಳೆನರಸೀಪುರ ಬರುವ ತನಕ ಬೈದ.

ಬೇರೆಯವರ ಮದುವೆಗೆ ಇಷ್ಟು ಅವಸರ ಪಡುವವನು ನನ್ನದಕ್ಕೆ ಹೇಗಿರಬೇಕು? ಹುಡುಗನನ್ನು ನೋಡುವ ಜವಾಬ್ದಾರಿಯನ್ನು ಅಪ್ಪ ಅವನಿಗೇ ಬಿಟ್ಟಿದ್ದರು. ಹಾಸನದಿಂದ ಒಬ್ಬ ಬ್ಯಾಂಕಿನವನು ಬಂದ. ನಡುದಾರಿಯಲ್ಲಿ ಇಂಜಿನ್ ಕೈಕೊಟ್ಟರೆ ಏನು ಮಾಡುತ್ತೀಯಪ್ಪ ಎಂದು ಮಾವ ಕೇಳಿದ. ಮೆಕ್ಯಾನಿಕ್ಕನ್ನು ಕರೆಸುತ್ತೇನೆ ಎಂದ ಅವನು. ಆಗಲ್ಲ, ಇವನ ಕೈಲಿ ಏನೂ ಆಗಲ್ಲ ಎಂದು ಕಳಿಸಿದ. ರಾಮನಾಥಪುರದಿಂದ ಹೊಗೆಸೊಪ್ಪಿನ ವ್ಯಾಪಾರದವರ ಮಗ ಸ್ಕೂಟರಿನಲ್ಲಿ ಬಂದ. ಮಾವ ಒಳಗೆ ಕೂತೇ ಸ್ಕೂಟರಿನ ಸದ್ದು ಕೇಳಿ, ಗಾಡಿಯ ಪ್ಲಗ್ಗು ಒರೆಸದವನು ಹೆಂಡತಿಯನ್ನು ಏನು ನೋಡಿಕೊಳ್ಳುತ್ತಾನೆ ಎಂದ. ಆ ಹುಡುಗ ಹೆಲ್ಮೆಟ್ಟು ತೆಗೆಯುವ ಮುಂಚೆಯೇ ಸಂಬಂಧ ಮುರಿದಿತ್ತು!

ಮೂರನೆಯವನು ಹರದನಹಳ್ಳಿಯವನು, ಹೊಳೆನರಸೀಪುರದಲ್ಲಿ ಮೇಷ್ಟರು. ಮಾವ ಅದೇ ಇಂಜಿನ್ ಪ್ರಶ್ನೆ ಕೇಳಿದ. ಮೊದಲು ಯಾಕೆ ನಿಂತಿತು ಅಂತ ನೋಡುತ್ತೇನೆ ಎಂದು ಹುಡುಗ ಹೇಳಿದ. ಮಾವ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡ. ಕಾಫಿ ಲೋಟ ಹಿಡಿದು ನಿಂತಿದ್ದ ನಾನು ಆ ಗಳಿಗೆಯಲ್ಲೇ ಒಪ್ಪಿಬಿಟ್ಟೆ. ಒಪ್ಪಿದ್ದೇನೆ ಎಂದು ಬಾಯಿಬಿಟ್ಟು ಅತ್ತೆಗೆ ಹೇಳಿದೆ ಕೂಡ. ಈ ಹುಡುಗನಲ್ಲಿ ಏನೂ ಹುಳುಕು ಸಿಗದಿದ್ದಾಗ ಮಾವ ಏನು ಮಾಡಿದ ಗೊತ್ತೆ?

“ಮನೇಲಿ ದೊಡ್ಡೋರ್ದು ಆಗ್ದೆ ಚಿಕ್ಕೋರ್ದು ಮಾಡ್ತಾರಾ? ಮೇಸ್ತ್ರಿ ಕ್ಯಾಪ್ಟನಮ್ಮಂದು ಆಗ್ಲಿ. ಆಮೇಕೆ ನಿಂದು ಕಣಮ್ಮಿ.”

ತಮಾಷೆ ಎಂದು ನಾನು ನಕ್ಕೆ. ತಮಾಷೆ ಆಗಿರಲಿಲ್ಲ. ಹರದನಹಳ್ಳಿಯವರು ಕೇಳಿ ಕಳಿಸಿದಾಗಲೆಲ್ಲ, ಮನೆಯಲ್ಲಿ ಇನ್ನೊಂದು ಮದುವೆ ಬಾಕಿ ಇದೆ, ಸ್ವಲ್ಪ ತಡೆಯಿರಿ ಎಂದು ಹೇಳಿ ಕಳಿಸುತ್ತಿದ್ದ. ಮಕ್ಕಳೇ ಇಲ್ಲದ ಮನೆಯಲ್ಲಿ ಯಾರ ಮದುವೆ ಎಂದು ಅವರು ತಲೆ ಕೆರೆದುಕೊಂಡರು. ನಾನು ಕೂಗಾಡಿದೆ, ಊಟ ಬಿಟ್ಟೆ, ಅವನ ಪುಸ್ತಕಗಳನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದು ಬಚ್ಚಲುಮನೆಯ ತನಕ ಹೊತ್ತುಕೊಂಡು ಹೋದೆ. ಅತ್ತೆ ಮಾತ್ರ ಸೌಟು ಹಿಡಿದುಕೊಂಡು ಬಂದು ಗಂಡನ ಮುಂದೆ ನಿಂತಳು.

“ಆ ಕ್ಯಾಪ್ಟನಮ್ಮಂಗೆ ಒಸಗೆ ಮಾಡಾಕೆ ನಾನೇ ಆರತಿ ತಟ್ಟೆ ಇಡ್ಕೊಂಡು ಆಕಾಶಕ್ಕೋಯ್ತೀನಿ. ಈ ಕೂಸಿನ್ ಒಟ್ಟೆ ಉರಿಸ್ಬ್ಯಾಡಿ” ಎಂದಳು.

ಮಾವ ಜಗ್ಗಲಿಲ್ಲ. ನನ್ನ ಬಾಳು ಯಾವುದೋ ದೇಶದ ಯಾವನೋ ಬರೆಯುವವನ ಕೈಯಲ್ಲಿ ಸಿಕ್ಕಿಕೊಂಡಿತ್ತು. ಅವನು ಆ ಇಬ್ಬರಿಗೆ ಮಾಲೆ ಹಾಕಿಸಿದರೆ ಮಾತ್ರ ನನ್ನ ಕೊರಳಿಗೆ ತಾಳಿ! ಹೇಳಿ, ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಸಹಾಯಕ್ಕೆ ಬಂದವನು ಆ ಮೇಷ್ಟರೇ. ಮದುವೆ ಯಾಕೆ ನಿಂತಿತು ಅಂತ ಮೊದಲು ನೋಡಿದ, ಅತ್ತೆಯಿಂದ ಪುಸ್ತಕಗಳ ವಿಷಯ ತಿಳಿದುಕೊಂಡ. ಬೇಸಿಗೆ ರಜೆಯಲ್ಲಿ ಮೈಸೂರು, ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿ, ಆ ಇಬ್ಬರ ಮದುವೆ ಇರುವ ಕಾದಂಬರಿಯನ್ನು ಹುಡುಕಿ ತಂದು ಮಾವನ ಕೈಗೆ ಕೊಟ್ಟ. ಮಾವ ಅಂಗಡಿಯ ಬಾಗಿಲು ಎಳೆದುಕೊಂಡು ಓದಲು ಕೂತ. ಅತ್ತೆ ನಿಜವಾಗಿಯೂ ಪಾಯಸಕ್ಕೆ ಇಟ್ಟಳು. ಇಷ್ಟು ವರ್ಷ ಕಾದದ್ದು ಕೈಗೂಡಿದೆ, ಕುಣಿದುಕೊಂಡು ಬರುತ್ತಾನೆ ಅಂದುಕೊಂಡೆವು. ಸಂಜೆ ಮುಖ ಊದಿಸಿಕೊಂಡು ಬಂದ.

“ಎರಡೇ ಪುಟ ಕಣಮ್ಮಿ. ಇಷ್ಟೊರ್ಸ ಕಾಯ್ಸಿ ಎರಡೇ ಪುಟದಲ್ಲಿ ಮುಗಿಸ್ಬುಟ್ಟವ್ರೆ.”

ಆಗಲಿ ಮಾವ, ಆಯಿತಲ್ಲ ಎಂದೆ. ಆಯಿತು, ಆದರೆ ಮದುವೆಯಾದ ಮೇಲೆ ಇಬ್ಬರೂ ಹಡಗು ಬಿಟ್ಟು ಹೊರಟುಹೋದರು, ಮುಂದೆ ಅವರ ವಿಷಯ ಬರೆಯುವುದಿಲ್ಲವಂತೆ ಎಂದ. ಪಾಯಸದ ಲೋಟ ಹಾಗೇ ಆರಿತು. ನನಗೆ ಅದೆಲ್ಲ ಯಾಕೆ ಬೇಕು? ದೊಡ್ಡವರದ್ದು ಆಯಿತು, ಇನ್ನು ನೆಪ ಉಳಿದಿಲ್ಲ. ಅಪ್ಪನನ್ನು ಕರೆಸಿ ಲಗ್ನ ಕಟ್ಟಿಸಿದೆ.

ಮದುವೆ ಹೊಳೆನರಸೀಪುರದ ಛತ್ರದಲ್ಲಿ. ಅರಕಲಗೂಡಿನವರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. ತೆರೆಯನ್ನು ಮಾವನ ಕೈಗೆ ಕೊಡಬೇಡಿ ಎಂದು ಅವರೂ ಹೇಳಿದರು, ನಾನೂ ಹೇಳಿದ್ದೆ. ಅವನಿಗೆ ಬಿಟ್ಟು ಇನ್ಯಾರಿಗೆ ಕೊಡಲಿ ಎಂದು ಅವ್ವ ಅವನಿಗೇ ಕೊಟ್ಟಳು. ಪುರೋಹಿತರಂತೂ ಮಂತ್ರ ಶುರು ಮಾಡುವ ಮುಂಚೆಯೇ, ನಾನು ಹೇಳುವ ತನಕ ಬಿಡಬಾರದು ಯಜಮಾನ್ರೆ ಎಂದು ಎಚ್ಚರಿಸಿದರು. ನಾನು ತೆರೆಯ ಈಚೆ ನಿಂತು, ಇವನು ಇವತ್ತು ನನ್ನ ಮಾನ ಕಳೆಯುತ್ತಾನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಮಂತ್ರ ಮುಗಿಯಿತು. ಓಲಗದವರು ಜೋರಾಗಿ ಊದಿದರು. ಪುರೋಹಿತರು ಬಿಡಿ ಎಂದರು. ಆ ತುದಿ ಹಿಡಿದಿದ್ದವರು ಇಳಿಸಿದರು. ಈ ತುದಿ ಇಳಿಯಲಿಲ್ಲ. ಬಿಡಿ ಯಜಮಾನ್ರೆ, ಗಳಿಗೆ ಮೀರುತ್ತೆ ಎಂದು ಪುರೋಹಿತರು ಮತ್ತೆ ಕೂಗಿದರು. ಮಾವ ಬಿಡಲಿಲ್ಲ. ಅಂಗೈಯಲ್ಲಿ ನನ್ನ ಜೀರಿಗೆ ಬೆಲ್ಲ ಕರಗುತ್ತಿತ್ತು. ಇದೇನು ಇವನ ಹೊಸ ಆಟ ಎಂದು ನೆತ್ತಿಗೇರಿದ ಸಿಟ್ಟಿನಲ್ಲಿ ಪಕ್ಕಕ್ಕೆ ತಿರುಗಿ ನೋಡಿದೆ. ಅವನ ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ, ಮೋಟರಿನ ತಂತಿಗೆ ಬಳಿಯುವ ವಾರ್ನಿಷಿನ ಕಪ್ಪು. ಆ ಮುಷ್ಟಿಯೊಳಗೆ ತೆರೆಯ ತುದಿ ಮುದ್ದೆಯಾಗಿತ್ತು.

“ಇನ್ನೊಂದ್ ಗಳಿಗೆ ಇರ್ಲಿ ಸ್ವಾಮಿ” ಎಂದ, ಪುರೋಹಿತರಿಗೂ ಕೇಳಿಸದಷ್ಟು ಮೆಲ್ಲಗೆ. “ಆ ಬರಿಯೋರ್ಗೂ ಇಂಗೇ ಆಗಿತ್ತೋ ಏನೋ.”

ಅಷ್ಟು ವರ್ಷದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಅಳು ಬಂತು. ಅವನ ಮುಷ್ಟಿಯ ಮೇಲೆ ಕೈ ಇಟ್ಟೆ.

“ಬುಡು ಮಾವ. ನಾನೇನು ಎರಡು ಪುಟಕ್ಕೆ ಮುಗ್ದೋಗಾಕಿಲ್ಲ. ಚನ್ರಾಯಪಟ್ಣಕ್ಕೆ ದಿನಾ ಬಸ್ಸದೆ.”

ಬಿಟ್ಟ. ತೆರೆ ಇಳಿದ ಕೂಡಲೇ ಹೆಣ್ಣು ಮೊದಲು ಗಂಡನ ಮುಖ ನೋಡಬೇಕು ಎನ್ನುವುದು ಶಾಸ್ತ್ರ. ನಾನು ಮಾವನ ಮುಖ ನೋಡುತ್ತಿದ್ದೆ.